ಬಲಗಡೆ ಕಿಸೆಯ ಭಂಡಾರ

ಆ ಎರಡು ವರ್ಷವೂ ನನ್ನ ಪ್ಯಾಂಟಿನ ಎಡಗಡೆ ಕಿಸೆಯಲ್ಲಿ ಎಣ್ಣೆ ಇತ್ತು, ಬಲಗಡೆ ಕಿಸೆಯಲ್ಲಿ ಭಂಡಾರ.

ಎಣ್ಣೆಯ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಬೆರಳಿನ ಗೆಣ್ಣಿನಷ್ಟು ಉದ್ದದ ಸಣ್ಣ ಡಬ್ಬಿ, ಕೀಲಿಗೊಂಚಲಿಗೆ ಸಿಕ್ಕಿಸಿಕೊಳ್ಳುವಂಥದ್ದು. ಅದರೊಳಗೆ ಪ್ರಾರ್ಥನೆ ಮಾಡಿಟ್ಟ ಆಲಿವ್ ಎಣ್ಣೆ. ಕಾಯಿಲೆಯವರು ಕೇಳಿದರೆ ತಲೆಗೆ ಒಂದು ಹನಿ ಹಾಕಿ, ಕೈಯಿಟ್ಟು ಹರಸುವುದಕ್ಕೆಂದು ಮಾರ್ಮನ್ ಎಂಬ ಕ್ರೈಸ್ತ ಪಂಗಡದ ನಮ್ಮಂಥ ಮಿಶನರಿ ಹುಡುಗರು ಅದನ್ನು ಸದಾ ಜೊತೆಗಿಟ್ಟುಕೊಂಡಿರುತ್ತಾರೆ.

ಭಂಡಾರದ ವಿಷಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದು ಮೈಲಾರಲಿಂಗನ ಗುಡಿಯಿಂದ ತಂದ ಅರಿಶಿನ ಪುಡಿ, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಅಜ್ಜ ಕಟ್ಟಿಕೊಟ್ಟ ಪೊಟ್ಟಣ. ಇಂಗ್ಲೆಂಡಿನ ಉತ್ತರದ ಒಂದು ಗುಡ್ಡದೂರಿನಲ್ಲಿ ಬಿಳಿ ಅಂಗಿ, ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಯೇಸುವಿನ ಮಾತು ಹೇಳಲು ಮನೆಮನೆ ತಿರುಗುವವನ ಕಿಸೆಯಲ್ಲಿ ಅದು ಇರಬಾರದಿತ್ತು. ಇರಬಾರದೆಂದು ನಮ್ಮ ನಿಯಮದ ಪುಸ್ತಕದಲ್ಲೇನೂ ಬರೆದಿರಲಿಲ್ಲ. ನಾನು ಎರಡು ಸಲ ಹುಡುಕಿ ನೋಡಿದ್ದೆ. ಬರೆದಿಲ್ಲವಲ್ಲ ಎಂದು ಸಮಾಧಾನವಾಗುವ ಬದಲು ಹೆದರಿಕೆ ಇನ್ನಷ್ಟು ಹೆಚ್ಚಾಯಿತು.

ನಾನು ಹುಟ್ಟು ಪುಕ್ಕಲ. ಬಸ್ಸು ಹತ್ತಿ ಕೂತ ಮೇಲೂ ಇದು ಕೊಟ್ಟೂರಿಗೆ ಹೋಗುತ್ತದೋ ಹಗರಿಬೊಮ್ಮನಹಳ್ಳಿಗೆ ಹೋಗುತ್ತದೋ ಎಂದು ಕಂಡಕ್ಟರನ್ನು ಕೇಳಿ, ಪಕ್ಕದವರನ್ನೂ ಕೇಳಿ, ಕೊನೆಗೆ ಇಳಿದು ಹೋಗಿ ಬೋರ್ಡು ನೋಡಿ ಬರುವವನು. ಇಂಥವನಿಗೆ ದೇವರು ಗುರುತು ಪರಿಚಯವಿಲ್ಲದ ಮನೆಗಳ ಬಾಗಿಲು ತಟ್ಟುವ ಕೆಲಸವನ್ನೇ ಯಾಕೆ ಕೊಟ್ಟನೋ ಕಾಣೆ.

ಬಾಗಿಲಿನ ಕೆಲಸ ನನಗೆ ಹೊಸದೇನಲ್ಲ, ಅದನ್ನೂ ಹೇಳಬೇಕು. ನಮ್ಮಜ್ಜ, ಅಪ್ಪನ ಅಪ್ಪ, ಮೈಲಾರಲಿಂಗನ ದೀಕ್ಷೆ ಪಡೆದ ಗೊರವಯ್ಯ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹತ್ತಿರದ ಸಣ್ಣ ಊರು ನಮ್ಮದು. ವಾರವೆಲ್ಲ ಕುರಿ ಕಾಯುತ್ತಿದ್ದ ಅಜ್ಜ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಕರಿ ಕಂಬಳಿಯ ಅಂಗಿ ತೊಟ್ಟು, ಹಣೆತುಂಬ ಭಂಡಾರ ಬಳಿದುಕೊಂಡು, ಕೈಯಲ್ಲಿ ಡಮರುಗ ಹಿಡಿದು ಐದು ಮನೆಯ ಭಿಕ್ಷೆಗೆ ಹೊರಡುತ್ತಿದ್ದ. ಹೆಗಲಿಗೆ ದೋಣಿ. ಗೊರವರ ದೋಣಿಯೆಂದರೆ ಭಿಕ್ಷೆ ಹಾಕಿಸಿಕೊಳ್ಳುವ ಬಟ್ಟಲು. ನಮ್ಮ ಮನೆಯದು ಮರದ್ದು, ಅಜ್ಜನ ಅಜ್ಜನ ಕಾಲದ್ದು, ಅಂಚು ಸವೆದು ನುಣ್ಣಗಾಗಿತ್ತು. ನನಗೆ ಆರೇಳು ವರ್ಷವಾದಾಗಿನಿಂದ ಅಜ್ಜನ ಹಿಂದೆ ನಾನೂ ಹೋಗುತ್ತಿದ್ದೆ.

ಅಜ್ಜನದು ಕಟ್ಟುನಿಟ್ಟು. ಬಾಗಿಲಿಗೆ ಎದುರಾಗಿ ನಿಲ್ಲಬಾರದು, ಒಂದು ಪಕ್ಕಕ್ಕೆ ನಿಲ್ಲಬೇಕು. ಒಳಗೆ ಹೆಣ್ಣುಮಕ್ಕಳು ಏನೋ ಕೆಲಸದಲ್ಲಿರುತ್ತಾರೆ, ಕಣ್ಣು ಹಾಯಿಸಬಾರದು. ಬಾಯಿಬಿಟ್ಟು ಕೇಳಬಾರದು. ‘ಏಳುಕೋಟಿ’ ಎಂದು ಕೂಗಿ ಡಮರುಗ ಬಾರಿಸಿದರೆ ಸಾಕು. ಹಾಕಿದರೂ ಹಾಕದಿದ್ದರೂ ಹೊಸ್ತಿಲ ಮೇಲೆ ಒಂದು ಚಿಟಿಕೆ ಭಂಡಾರ ಇಟ್ಟೇ ಮುಂದಕ್ಕೆ ಹೋಗಬೇಕು. ಐದು ಮನೆಗಳಲ್ಲಿ ಸ್ವಂತ ಮನೆ ಮಾತ್ರ ಯಾವತ್ತೂ ಸೇರಬಾರದು. ಒಮ್ಮೆ ನಾಲ್ಕೇ ಮನೆ ಆಗಿದ್ದವು. ಬಿಸಿಲಿಗೆ ಸಾಕಾಗಿ ‘ಐದನೇದು ನಮ್ಮನಿಗೇ ಹೋಗೋಣು’ ಎಂದೆ. ಅಜ್ಜ ನಕ್ಕುಬಿಟ್ಟ.

‘ನಿನ್ನ ಮನ್ಯಾಗ ನಿನಗ ಯಾರಲೇ ಭಿಕ್ಷಾ ಹಾಕ್ತಾರ? ಹಸಿವಾದ್ರ ಒಳಗ ಹೋಗಿ ಉಣ್ಣು.’

ಅಜ್ಜನ ನಂತರ ಆ ದೋಣಿ ನನಗೆ ಬರಬೇಕಿತ್ತು. ಮೂರು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ನನ್ನ ಮೈ ಸೆಟೆದುಕೊಂಡಿತ್ತಂತೆ. ಈ ಕೂಸು ಉಳಿದರೆ ದೋಣಿ ಇದಕ್ಕೇ ಎಂದು ಅಜ್ಜ ಮೈಲಾರಲಿಂಗನಿಗೆ ಹರಕೆ ಹೊತ್ತ. ನಾನು ಉಳಿದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸ್ ಸೇರಿದಳು. ನನಗಾಗ ಹನ್ನೊಂದು. ಅಲ್ಲಿ ಅವ್ವ ಟೈಫಾಯ್ಡ್ ಆಗಿ ಮಲಗಿದಾಗ ಅವಳ ಜೊತೆ ಹೊಲಿಗೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳೂ ಅವಳ ಮಾರ್ಮನ್ ಸಭೆಯ ಇನ್ನಿಬ್ಬರೂ ಸರದಿ ಮೇಲೆ ಬಂದು ಗಂಜಿ ಕುಡಿಸಿದರು. ಅವ್ವ ಎದ್ದ ಮೇಲೆ ಆ ಸಭೆಗೆ ಹೋಗತೊಡಗಿದಳು, ಅವಳ ಹಿಂದೆ ನಾನು. ಹದಿನಾರಕ್ಕೆ ನನ್ನ ದೀಕ್ಷಾಸ್ನಾನವಾಯಿತು. ಯಾರೋ ಎಳೆದರೆಂದು ಹೋದವನಲ್ಲ ನಾನು. ನಂಬಿ ಹೋದೆ, ಈಗಲೂ ನಂಬಿದ್ದೇನೆ. ಆದರೆ ನಂಬಿದ್ದನ್ನು ಅಜ್ಜನ ಮುಂದೆ ಹೇಳುವ ಧೈರ್ಯ ಆ ನೀರಿನಲ್ಲಿ ಸಿಗಲಿಲ್ಲ.

ಮಿಶನಿಗೆ ಹೊರಡುವ ಮುಂಚೆ ಊರಿಗೆ ಹೋದಾಗ ಅವ್ವನೇ ಸುಳ್ಳು ಹೇಳಿದಳು. ‘ಎರಡು ವರ್ಷದ ಟ್ರೇನಿಂಗ್ ಐತ್ರಿ ಮಾವ, ಇಂಗ್ಲೆಂಡದಾಗ.’ ಹರಪನಹಳ್ಳಿಯ ಮಗಳು ಅವ್ವ, ಮಾತಿಗೆ ಹೆದರುವವಳಲ್ಲ. ಅವತ್ತು ಮಾತ್ರ ಅಜ್ಜನ ಮುಖ ನೋಡದೆ ಸೆರಗಿನ ಅಂಚು ನೋಡುತ್ತ ಹೇಳಿದಳು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಸುಮ್ಮನೆ ನಿಂತಿದ್ದೂ ಸುಳ್ಳೇ.

ಅಷ್ಟೊತ್ತಿಗೆ ಅಜ್ಜನ ಮಂಡಿ ಹೋಗಿ ಭಿಕ್ಷೆ ನಿಂತಿತ್ತು. ದೊಡ್ಡಪ್ಪನ ಮಗ, ನನ್ನ ಅಣ್ಣ, ದೋಣಿ ಹಿಡಿಯಲು ತಯಾರಿದ್ದ. ಅಜ್ಜ ಒಪ್ಪಲಿಲ್ಲ. ಭಂಡಾರದ ಪೊಟ್ಟಣವನ್ನು ನನ್ನ ಅಂಗೈಗಿಟ್ಟು ಮುಚ್ಚಿ ಹೇಳಿದ:

‘ಎದಿ ಡವಗುಟ್ಟಿದ್ರ ಹಣಿಗೆ ಹಚ್ಕೋ. ಬಂದಕೂಡ್ಲೆ ಹಡಗಲಿ ಮ್ಯಾಲ ಹಾದು ಮೈಲಾರಕ್ಕ ಹೋಗಿ ನಿನಗ ದೀಕ್ಷಾ ಕೊಡಸ್ತೀನಿ. ನೀ ಬರೋತನಕ ದೋಣಿ ಗೂಟದಾಗ ಇರ್ತೈತಿ.’

ಗೊರವರ ಮನೆಯ ದೋಣಿ ಎರಡು ವರ್ಷ ಗೂಟದಲ್ಲಿ ತೂಗುವುದೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಭಾನುವಾರ ತಪ್ಪಿದರೂ ಅಜ್ಜ ಇಡೀ ವಾರ ಚಡಪಡಿಸುತ್ತಿದ್ದ. ನಾನು ಆ ದೋಣಿ ಹಿಡಿಯುವವನಲ್ಲ, ಹೇಳಿಬಿಟ್ಟರೆ ಅದು ಅಣ್ಣನ ಹೆಗಲಿಗೆ ಹೋಗುತ್ತದೆ. ಹೇಳಿದರೆ ಅಜ್ಜ ನನ್ನ ಮುಖ ನೋಡುತ್ತಾನೋ ಇಲ್ಲವೋ. ಈ ಒಂದು ಮಾತು ನನ್ನ ಜೊತೆ ವಿಮಾನ ಹತ್ತಿತು.

ಅಲ್ಲಿ ದಿನ ಶುರುವಾಗುತ್ತಿದ್ದದ್ದು ಆರೂವರೆಗೆ. ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ತಿಂಡಿ, ಧರ್ಮಗ್ರಂಥದ ಓದು. ಹತ್ತಕ್ಕೆ ರಸ್ತೆಯಲ್ಲಿರಬೇಕು. ನಾವು ಯಾವಾಗಲೂ ಇಬ್ಬಿಬ್ಬರೇ. ಜೊತೆಗಾರ ಕಣ್ಣಳತೆಯಲ್ಲೇ ಇರಬೇಕು, ಬಚ್ಚಲಿಗೆ ಹೋದಾಗ ಬಿಟ್ಟರೆ ಒಂಟಿತನವೆಂಬುದಿಲ್ಲ. ನನ್ನ ಜೊತೆಗಾರ ಅಮೆರಿಕದ ಉಟಾದವನು, ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ ಇಬ್ಬರ ಬೂಟನ್ನೂ ಪಾಲಿಶ್ ಮಾಡುವ ಪ್ರಾಣಿ. ನಮ್ಮನ್ನು ಕರೆಯುವುದು ‘ಎಲ್ಡರ್’ ಎಂದು, ಅಂದರೆ ಹಿರಿಯರು. ಇಬ್ಬರಿಗೂ ನೆಟ್ಟಗೆ ಮೀಸೆ ಬಂದಿರಲಿಲ್ಲ.

ದಿನಕ್ಕೆ ಮೂವತ್ತು ನಲವತ್ತು ಬಾಗಿಲು. ಬೆಲ್ ಒತ್ತಿದರೆ ಬಾಗಿಲ ಗಾಜಿನ ಹಿಂದೆ ಒಂದು ನೆರಳು ಬಂದು ನಿಲ್ಲುತ್ತದೆ, ನಮ್ಮ ಅಂಗಿ ನೋಡಿ ಹಿಂದಕ್ಕೆ ಹೋಗುತ್ತದೆ. ತೆರೆದವರು ಬಹಳ ಮರ್ಯಾದೆಯಿಂದ ಬೇಡ ಎನ್ನುತ್ತಾರೆ. ಆ ಮರ್ಯಾದೆಯೇ ನನ್ನನ್ನು ಸುಸ್ತು ಮಾಡುತ್ತಿತ್ತು. ನನ್ನ ಕಾಲೋ, ಹೇಳಿದ ಮಾತು ಕೇಳುತ್ತಿರಲಿಲ್ಲ. ಬೆಲ್ ಒತ್ತಿದ ಕೂಡಲೇ ತಾವಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬಾಗಿಲಿಗೆ ಭುಜ ಕೊಟ್ಟು ನಿಂತುಬಿಡುತ್ತಿದ್ದವು.

‘ಎದುರಿಗೆ ನಿಲ್ಲು, ಮುಖ ಕಾಣಲಿ,’ ಎಂದು ಜೊತೆಗಾರ ದಿನಾ ಗೊಣಗುತ್ತಿದ್ದ. ‘ಗೋಡೆಗಂಟಿ ನಿಂತರೆ ಕಳ್ಳ ಅಂದುಕೊಳ್ಳುತ್ತಾರೆ.’

ಸರಿ ಎಂದು ಮುಂದೆ ಬರುತ್ತಿದ್ದೆ. ಮುಂದಿನ ಮನೆಯಲ್ಲಿ ಮತ್ತೆ ಪಕ್ಕಕ್ಕೆ. ಬಾಗಿಲು ಮುಚ್ಚಿಕೊಂಡಾಗ ಬಲಗೈ ತಾನಾಗಿ ಬಲಗಿಸೆಗೆ ಹೋಗಿ ಪೊಟ್ಟಣ ಮುಟ್ಟಿ ಬರುತ್ತಿತ್ತು. ಒಂದೇ ಒಂದು ಸಲ, ಜೊತೆಗಾರ ಬೂಟಿನ ದಾರ ಕಟ್ಟಲು ಬಗ್ಗಿದ್ದಾಗ, ಒಂದು ಹೊಸ್ತಿಲ ಮೇಲೆ ಚಿಟಿಕೆ ಭಂಡಾರ ಇಟ್ಟುಬಿಟ್ಟೆ. ಸಂಜೆ ಅದೇ ರಸ್ತೆಯಲ್ಲಿ ಬರುವಾಗ ನೋಡಿದರೆ ಮಳೆ ತೊಳೆದುಬಿಟ್ಟಿತ್ತು. ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಸೋಮವಾರ ನಮಗೆ ಬಟ್ಟೆ ಒಗೆಯುವ, ಮನೆಗೆ ಫೋನ್ ಮಾಡುವ ದಿನ. ಅಲ್ಲಿ ಬೆಳಿಗ್ಗೆಯಾದರೆ ಊರಲ್ಲಿ ಮಧ್ಯಾಹ್ನದ ಊಟದ ಹೊತ್ತು. ಮೊದಲು ಅವ್ವ, ಆಮೇಲೆ ದೊಡ್ಡಪ್ಪನ ಫೋನಿನಲ್ಲಿ ಅಜ್ಜ. ಅಜ್ಜನಿಗೆ ವಿಡಿಯೋ ಹಚ್ಚುವ ಮುಂಚೆ ಹೆಸರುಪಟ್ಟಿ ಕಳಚಿ, ಬಿಳಿ ಅಂಗಿಯ ಮೇಲೆ ಕುತ್ತಿಗೆತನಕ ಸ್ವೆಟರ್ ಹಾಕಿಕೊಳ್ಳುತ್ತಿದ್ದೆ. ಜೊತೆಗಾರ ನೋಡುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಅಜ್ಜನ ಹಿಂದೆ ಗೋಡೆಯ ಗೂಟದಲ್ಲಿ ದೋಣಿ ಕಾಣುತ್ತಿತ್ತು. ಪ್ರತಿ ವಾರ ಅದೇ ಮಾತು: ‘ಇನ್ನೆಷ್ಟು ತಿಂಗಳಲೇ?’ ನಾನು ಲೆಕ್ಕ ಹೇಳುತ್ತಿದ್ದೆ. ಅಜ್ಜ ಹಿಂದಕ್ಕೆ ತಿರುಗಿ ದೋಣಿ ನೋಡಿ ತಲೆಯಾಡಿಸುತ್ತಿದ್ದ. ಫೋನ್ ಇಟ್ಟ ಮೇಲೆ ಅವತ್ತಿನ ತಿಂಡಿ ನನಗೆ ಸೇರುತ್ತಿರಲಿಲ್ಲ.

ಊರಾಚೆ ಗುಡ್ಡದ ಬುಡದಲ್ಲಿ ಕುರಿ ಸಾಕಿದ ಮುದುಕನೊಬ್ಬನಿದ್ದ. ಒಂಟಿ ಮನುಷ್ಯ. ಮೊದಲ ಸಲ ಹೋದಾಗ ಬಾಗಿಲನ್ನು ಅರ್ಧವೇ ತೆರೆದು ಬೇಡ ಎಂದ. ಹಿಂದೆ ಬಯಲಲ್ಲಿ ಒಂದು ಕುರಿ ಮುಂಗಾಲಿನ ಮಂಡಿಯೂರಿ ಮೇಯುತ್ತಿತ್ತು. ನಾನು ದೇವರ ಮಾತು ಬಿಟ್ಟು ‘ಅದರ ಗೊರಸು ಕೊಳೆತಿದೆ’ ಎಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಪೂರ್ತಿ ತೆರೆದ. ಆಮೇಲಿನಿಂದ ವಾರಕ್ಕೊಮ್ಮೆ ಹೋಗಿ ಕುರಿ ಹಿಡಿದುಕೊಡುತ್ತಿದ್ದೆವು, ಆತ ಗೊರಸು ಕತ್ತರಿಸುತ್ತಿದ್ದ. ಧರ್ಮದ ಮಾತೆತ್ತಿದರೆ ಮಾತ್ರ ಕೈಯೆತ್ತಿ ತಡೆಯುತ್ತಿದ್ದ.

ಎರಡನೇ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಆತ ಎದೆಯಲ್ಲಿ ಕಫ ಕಟ್ಟಿ ಮಲಗಿದ. ಡಾಕ್ಟರು ಔಷಧಿ ಕೊಟ್ಟಿದ್ದರು. ನೋಡಲು ಹೋಗಿದ್ದ ಜೊತೆಗಾರ ಎಣ್ಣೆ ಹಾಕಿ ಹರಸುವ ವಿಷಯ ಹೇಳಿದ್ದಕ್ಕೆ ‘ಇನ್ನೊಂದು ದಿನ’ ಎಂದಿದ್ದವನು, ಒಂದು ಮಧ್ಯಾಹ್ನ ತಾನೇ ಫೋನ್ ಮಾಡಿ ಬನ್ನಿ ಎಂದ. ಜೋರು ಮಳೆ. ಬಸ್ಸಿಳಿದು ಒಂದೂವರೆ ಮೈಲಿ ನಡೆದು ಹೋಗುವಷ್ಟರಲ್ಲಿ ಒಳಗಿನ ಬನಿಯನ್ನೂ ತೊಯ್ದಿತ್ತು.

ಹರಸುವ ಪ್ರಾರ್ಥನೆ ನಾನು ಹೇಳಬೇಕಿತ್ತು. ಮೊದಲ ಸಲ. ಒಬ್ಬ ಎಣ್ಣೆ ಹಾಕಬೇಕು, ಆಮೇಲೆ ಇಬ್ಬರೂ ತಲೆಯ ಮೇಲೆ ಕೈಯಿಟ್ಟು ಇನ್ನೊಬ್ಬ ಪ್ರಾರ್ಥಿಸಬೇಕು. ಎದೆ ಡವಗುಡುತ್ತಿತ್ತು. ಅಭ್ಯಾಸಬಲ, ಕೈ ಬಲಗಿಸೆಗೆ ಹೋಯಿತು. ಏನೋ ಒದ್ದೆ ಒದ್ದೆ ಹತ್ತಿತು, ಮಳೆನೀರು ಎಂದುಕೊಂಡೆ. ಜೊತೆಗಾರ ಆತನ ಬೋಳು ನೆತ್ತಿಗೆ ಎಣ್ಣೆ ಹಾಕಿ ಕೈಯಿಟ್ಟ. ನಾನೂ ಇಟ್ಟು, ಕಣ್ಣು ಮುಚ್ಚಿ, ನಾಲಗೆ ತೊದಲದಂತೆ ಹೇಗೋ ಹೇಳಿ ಮುಗಿಸಿದೆ. ಆಮೆನ್ ಎಂದು ಕಣ್ಣು ತೆರೆದರೆ, ಆ ಬಿಳೀ ನೆತ್ತಿಯ ಮೇಲೆ ನನ್ನ ನಾಲ್ಕೂ ಬೆರಳು ಹಳದಿಯಾಗಿ ಮೂಡಿದ್ದವು.

ಪೊಟ್ಟಣ ಮಳೆಗೆ ಒಡೆದಿತ್ತು. ಭಂಡಾರ ನೀರಲ್ಲಾದರೆ ಒರೆಸಿದರೆ ಹೋದೀತು, ಎಣ್ಣೆಯಲ್ಲಿ ಕಲಸಿದರೆ ಕೂತೇಬಿಡುತ್ತದೆ. ಕರವಸ್ತ್ರದಿಂದ ಒರೆಸಲು ಹೋದೆ, ಇನ್ನಷ್ಟು ಅಗಲವಾಯಿತು. ಜೊತೆಗಾರನ ಮುಖ ಬಿಳಿಚಿತ್ತು. ಇಷ್ಟೇ, ಮುಂದಿನ ವಾರ ನನ್ನನ್ನು ವಾಪಸ್ ಕಳಿಸುತ್ತಾರೆ, ಅವ್ವ ಸಭೆಯಲ್ಲಿ ತಲೆ ತಗ್ಗಿಸುತ್ತಾಳೆ ಎಂದು ಅಲ್ಲೇ ನಿಂತು ಎಲ್ಲವನ್ನೂ ಯೋಚಿಸಿ ಮುಗಿಸಿದೆ.

ಮುದುಕ ಎದ್ದು ಹೋಗಿ ಕನ್ನಡಿ ನೋಡಿಕೊಂಡ. ಕೆಮ್ಮಿದ. ಕೆಮ್ಮಲ್ಲ, ನಗು.

‘ಕುರಿಗೆ ಹಾಕುವ ಗುರುತು ನನಗೇ ಹಾಕಿಬಿಟ್ಟೆಯಲ್ಲಯ್ಯ!’

ಆ ಗುಡ್ಡದಲ್ಲಿ ಹತ್ತಾರು ಮಂದಿಯ ಕುರಿ ಒಟ್ಟಿಗೆ ಮೇಯುತ್ತವೆ. ಯಾರ ಕುರಿ ಯಾವುದೆಂದು ತಿಳಿಯಲು ಬೆನ್ನ ಮೇಲೆ ಕೆಂಪು, ನೀಲಿ ಬಣ್ಣ ಬಳಿದಿರುತ್ತಾರೆ. ನಮ್ಮ ದೊಡ್ಡಪ್ಪ ಕಿವಿ ಕತ್ತರಿಸಿ ಗುರುತು ಮಾಡುವ ಹಾಗೆ.

‘ಹಳದಿ ಯಾರದಪ್ಪ?’ ಎಂದ ಆತ, ನೆತ್ತಿ ಮುಟ್ಟಿಕೊಳ್ಳುತ್ತ. ‘ಈಗ ನಾನು ಯಾರ ಹಿಂಡಿನವನಾದೆ?’

ತಮಾಷೆಗೆ ಕೇಳಿದ್ದು. ನನಗೆ ಅಳು ಬಂತು. ಯಾರ ಹಿಂಡಿನವನೆಂದು ಅಜ್ಜ ಒಮ್ಮೆಯೂ ನನ್ನನ್ನು ಕೇಳಿರಲಿಲ್ಲ, ಯಾಕೆಂದರೆ ಅವನಿಗೆ ಅನುಮಾನವೇ ಇರಲಿಲ್ಲ.

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಜೊತೆಗಾರನಿಗೆ ಎಲ್ಲವನ್ನೂ ಹೇಳಿದೆ. ಗೊರವಯ್ಯ, ದೋಣಿ, ಹರಕೆ, ಟ್ರೇನಿಂಗ್. ಪ್ರತಿ ಸೋಮವಾರ ನಾವು ನಮ್ಮ ಮೇಲಿನವರಿಗೆ ವಾರದ ಪತ್ರ ಬರೆಯಬೇಕು. ಇದನ್ನು ಅವನು ಬರೆಯುತ್ತಾನೋ ಎಂದು ಕೇಳಿದೆ. ಅವನು ಬಗ್ಗಿ ತನ್ನ ಬೂಟಿನ ಕೆಸರು ಒರೆಸತೊಡಗಿದ.

‘ಇದು ನಿಮ್ಮಜ್ಜ ಕೊಟ್ಟದ್ದು, ನಾನು ಬರೆಯುವುದಿಲ್ಲ,’ ಎಂದ. ‘ಆದರೆ ನೀನು ಆ ಸ್ವೆಟರ್ ಹಾಕಿಕೊಳ್ಳುವುದನ್ನು ನೋಡುವುದಕ್ಕೆ ನನಗೆ ಇನ್ನು ಆಗುವುದಿಲ್ಲ.’

ಮುಂದಿನ ಸೋಮವಾರ ಸ್ವೆಟರ್ ಹಾಕಲಿಲ್ಲ. ಮೊದಲು ಅವ್ವನಿಗೆ ಹೇಳಿದೆ. ಅವಳು ಅತ್ತಳು, ಬೇಡ ಎನ್ನಲಿಲ್ಲ. ಆಮೇಲೆ ಅಜ್ಜ ಬಂದ. ಕಣ್ಣು ಕಿರಿದು ಮಾಡಿ ನೋಡಿದ.

‘ಎದಿಮ್ಯಾಲ ಏನಲೇ ಅದು, ಕರೇದು?’

ಹೇಳಿದೆ. ಒಂದನ್ನೂ ಬಿಡದೆ, ಉಸಿರು ಬಿಡದೆ. ಟ್ರೇನಿಂಗ್ ಅಲ್ಲ, ಇಲ್ಲಿ ಮನೆಮನೆಗೆ ಹೋಗಿ ದೇವರ ಮಾತು ಹೇಳುತ್ತೇನೆ, ಅದು ಮೈಲಾರಲಿಂಗನ ಮಾತಲ್ಲ, ಈ ದೇವರಿಗೆ ಸೇರಿ ನಾಲ್ಕು ವರ್ಷವಾಯಿತು, ದೋಣಿ ನಾನು ಹಿಡಿಯಲಾರೆ, ಅಣ್ಣನಿಗೆ ಕೊಡು. ಫೋನಿನಲ್ಲಿ ಹಟ್ಟಿಯ ಮರಿಗಳು ಅರಚುವುದು ಕೇಳುತ್ತಿತ್ತು. ಅಜ್ಜನ ಮುಖ ಕಲ್ಲಾಗಿತ್ತು.

‘ದಿನಾ ಎಷ್ಟು ಮನಿ ತಿರುಗ್ತಿ?’ ಎಂದ ಕೊನೆಗೆ.

‘ನಲವತ್ತು, ಯಜ್ಜಾ.’

‘ಎಷ್ಟು ಮಂದಿ ಹಾಕ್ತಾರ?’

ನಾವು ಏನನ್ನೂ ಹಾಕಿಸಿಕೊಳ್ಳುವುದಿಲ್ಲ, ಮಾತು ಕೇಳಿದರೆ ಸಾಕು ಎಂದು ವಿವರಿಸಬಹುದಿತ್ತು. ಮಾತು ಕೇಳುವವರೂ ಇಲ್ಲದ್ದರಿಂದ ನಿಜ ಹೇಳಿದೆ: ‘ಯಾರೂ ಇಲ್ಲ.’

ಅಜ್ಜ ಫೋನನ್ನು ದೊಡ್ಡಪ್ಪನ ಕೈಗಿಟ್ಟು ಎದ್ದು ಹೋದ.

ಅದಾದ ಮೇಲೆ ಐದು ತಿಂಗಳು ಅಜ್ಜ ಫೋನಿಗೆ ಬರಲಿಲ್ಲ. ‘ಮಲಗ್ಯಾನ,’ ‘ಹೊಲದ ಕಡೆ ಹೋಗ್ಯಾನ,’ ‘ಈಗ ಉಣ್ಣಾಕ ಕುಂತಾನ’ ಎಂದು ದೊಡ್ಡಪ್ಪ ವಾರಕ್ಕೊಂದು ಹೇಳುತ್ತಿದ್ದ. ಮಂಡಿ ಹೋದ ಅಜ್ಜ ಹೊಲಕ್ಕೆ ಹೇಗೆ ಹೋದಾನು? ಸುಳ್ಳು ಹೇಳಿಸಿಕೊಳ್ಳುವುದು ಹೇಗಿರುತ್ತದೆಂದು ಆಗ ಗೊತ್ತಾಯಿತು. ಹಗಲು ಬಾಗಿಲ ಮುಂದೆ ನಿಂತಾಗಲೆಲ್ಲ ತೆರೆದವರು ಯಾರೇ ಇರಲಿ, ನನಗೆ ಫೋನ್ ಇಟ್ಟು ಎದ್ದುಹೋಗುವ ಅಜ್ಜನೇ ಕಾಣುತ್ತಿದ್ದ.

ಅವಧಿ ಮುಗಿದು ಬೆಂಗಳೂರಿಗೆ ಬಂದವನು ಎರಡು ದಿನ ಅವ್ವನ ಹತ್ತಿರವಿದ್ದು, ಒಬ್ಬನೇ ಊರಿಗೆ ಹೊರಟೆ. ಕೂಡ್ಲಿಗಿಯಲ್ಲಿ ಇಳಿದು ನಮ್ಮೂರ ಕಡೆಯ ಬಸ್ಸು ಹತ್ತಿದೆ. ಬೋರ್ಡು ನೋಡುವುದನ್ನೂ ಮರೆತಿದ್ದೆ, ಅಷ್ಟು ಹೆದರಿಕೆ. ಸೋಮವಾರ ಮಧ್ಯಾಹ್ನ, ನಾನು ಫೋನ್ ಮಾಡುತ್ತಿದ್ದ ಹೊತ್ತು.

ಮನೆಯ ಬಾಗಿಲು ತೆರೆದಿತ್ತು. ಒಳಗಿನ ಗೋಡೆಯ ಗೂಟ ಬರಿದಾಗಿತ್ತು. ದೋಣಿ ಇರಲಿಲ್ಲ, ಅಣ್ಣನ ಹೆಗಲಿಗೆ ಹೋಗಿರಬೇಕು. ಹಗುರವಾಯಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಕಳಕ್ಕೆಂದಿತು. ಒಳಗೆ ಕಾಲಿಡಲು ಆಗಲಿಲ್ಲ. ನನ್ನ ದರಿದ್ರ ಕಾಲು ತಾವಾಗಿ ಎರಡು ಹೆಜ್ಜೆ ಸರಿದು, ಬಾಗಿಲಿಗೆ ಭುಜ ಕೊಟ್ಟು ನಿಂತುಬಿಟ್ಟವು.

ದೊಡ್ಡವ್ವ ನೋಡಿ ‘ಅಯ್ಯ, ಬಂದಾನ ನೋಡ್ರಿ!’ ಎಂದು ಒಳಗೆ ಓಡಿದಳು. ಕೋಲು ಊರುವ ಸದ್ದಾಯಿತು. ಅಜ್ಜ ಹೊರಗೆ ಬರಲಿಲ್ಲ, ಹೊಸ್ತಿಲ ಒಳಗಡೆಯೇ ನಿಂತ. ನಾನು ನಿಂತ ರೀತಿ ನೋಡಿದ. ತಿರುಗಿ ಒಳಗೆ ಹೋದ. ಮುಗಿಯಿತು ಎಂದುಕೊಂಡೆ.

ಮತ್ತೆ ಕೋಲಿನ ಸದ್ದು. ಅಜ್ಜನ ಇನ್ನೊಂದು ಕೈಯಲ್ಲಿ ಮೊರ, ಅದರ ತುಂಬ ಜೋಳ.

‘ಹಿಡಿ,’ ಎಂದ.

ಏನು ಹಿಡಿಯಲಿ, ನನ್ನ ಹತ್ತಿರ ದೋಣಿಯಿಲ್ಲ. ಬ್ಯಾಗು ಕೆಳಗಿಟ್ಟು ಬೊಗಸೆ ಒಡ್ಡಿದೆ. ಅಜ್ಜ ಹೊಸ್ತಿಲ ಒಳಗಿನಿಂದಲೇ ಜೋಳ ಸುರಿದ. ಬೊಗಸೆ ತುಂಬಿ ಕಾಲಮೇಲೆಲ್ಲ ಚೆಲ್ಲಿತು. ಸ್ವಂತ ಮನೆಯವರಿಗೆ ಯಾರೂ ಭಿಕ್ಷೆ ಹಾಕುವುದಿಲ್ಲ. ಇದನ್ನು ನನಗೆ ಕಲಿಸಿದವನೇ ಹಾಕುತ್ತಿದ್ದ.

‘ಯಜ್ಜಾ, ನಾ ಈ ಮನಿಯಾವ ಅಲ್ಲೇನು?’

ಅಜ್ಜ ಮೊರವನ್ನು ಗೋಡೆಗಾನಿಸಿದ.

‘ದಿನಾ ನಲವತ್ತು ಮನಿ ತಿರುಗಿದ್ರೂ ಯಾರೂ ಹಾಕಲಿಲ್ಲ ಅಂದಿ. ಅವತ್ತಿಂದ ನನ್ನ ಗಂಟಲಾಗ ತುತ್ತು ಇಳಿದಿಲ್ಲಲೇ ತಮ್ಮಾ. ನಿನ್ನ ಮಾರಿ ನೋಡಾಕ ಆಗಲಿಲ್ಲ ನನಗ. ಯಾವ ದೇವರ ಹೆಸರಿಲೆ ಬಂದಿರಲಿ, ಬಾಗಲಾಗ ನಿಂತಾವನ್ನ ಬರಿಗೈಲೆ ಕಳಸ್ತಾರೇನು? ಎರಡು ವರ್ಷ! ಒಬ್ರಾದ್ರೂ ಹಾಕಬೇಕಲ್ಲ.’

ನಾನು ಬೊಗಸೆ ಹಿಡಿದುಕೊಂಡೇ ಅಳುತ್ತಿದ್ದೆ. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

‘ಭಿಕ್ಷಾ ಆತಲ್ಲ,’ ಎಂದ ಅಜ್ಜ, ಬಾಗಿಲಿನಿಂದ ಪಕ್ಕಕ್ಕೆ ಸರಿಯುತ್ತ. ‘ಈಗ ಒಳಗ ಬಾ, ಹಸಿದಿರ್ತಿ.’

ಜೋಳವನ್ನು ಬಲಗಡೆ ಕಿಸೆಗೆ ಸುರಿದುಕೊಂಡು ಒಳಗೆ ಹೋದೆ.